ಅಕ್ಕನ ಲ್ಯಾಪ್‌ಟಾಪಿನ ಬೀಗ

ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಕೆಲಸ ಅಕ್ಕನ ಕತ್ತಿನ ಕೊಳವೆ ತೊಳೆಯುವುದು. ಹಾಲು ಕಾಯಿಸುವುದೂ ಅದಾದ ಮೇಲೆಯೇ. ಗಂಟಲ ಆಪರೇಷನ್ನಿನಲ್ಲಿ ಅವಳ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಅಂದಿನಿಂದ ಅವಳು ಉಸಿರಾಡುವುದು ಕತ್ತಿನ ಮುಂಭಾಗದ ಒಂದು ತೂತಿನಿಂದ. ಆ ತೂತಿಗೊಂದು ಗಿಡ್ಡ ಕೊಳವೆ. ಬೆಳಗಾಗುವಷ್ಟರಲ್ಲಿ ಅದರೊಳಗೆ ಕಫ ಕಟ್ಟಿ ಒಣಗಿರುತ್ತದೆ. ಬಿಸಿನೀರಿನಲ್ಲಿ ನೆನೆಸಿ, ಸಣ್ಣ ಬ್ರಷ್ಷಿನಲ್ಲಿ ಒಳಗೆಲ್ಲ ಉಜ್ಜಿ, ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸಿ, ಒಗೆದ ಬಟ್ಟೆಯ ಮೇಲೆ ಇಡುತ್ತೇನೆ. ನೋಡಿದವರು ಮುಖ ತಿರುಗಿಸುತ್ತಾರೆ. ನನಗೆ ಅದರಲ್ಲಿ ಎಂದೂ ಹೇಸಿಗೆ ಅನ್ನಿಸಿಲ್ಲ. ಹೇಸಿಗೆ ಅಂದರೆ ಏನು ಅಂತ ನನಗೆ ಸರಿಯಾಗಿ ಗೊತ್ತಾದದ್ದು ಅವಳ ಲ್ಯಾಪ್‌ಟಾಪು ನಿಂತುಹೋದಾಗ.

ಅಕ್ಕ ಕಡೂರಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವಳು. ತಾಲ್ಲೂಕು ಕಚೇರಿ, ಕೋರ್ಟು, ಬ್ಯಾಂಕು ಎಲ್ಲ ಕಡೆಯೂ ಅವಳ ಕೈಕೆಳಗೆ ಕಲಿತವರಿದ್ದಾರೆ. ಕಲಿಯುವವರು ಅಕ್ಷರ ನೋಡಿಕೊಂಡು ಒತ್ತಬಾರದು ಅಂತ ಅವರ ಕೈಗಳ ಮೇಲೆ ಟವೆಲು ಹೊದಿಸುತ್ತಿದ್ದಳು. ಕದ್ದು ಇಣುಕಿದವರಿಗೆ ಅವಳ ಬಾಯಿಂದ ಬರುತ್ತಿದ್ದ ಮಾತನ್ನು ಅವರು ಮರೆತಿರಲಾರರು. ಅಂಥ ಬಾಯಿಯ ಅಕ್ಕ ಆಪರೇಷನ್ ಆದಮೇಲೆ ಅಜ್ಜಂಪುರಕ್ಕೆ ನಮ್ಮ ಮನೆಗೆ ಬಂದಳು. ಮೊದಲು ಸ್ಲೇಟು ಕೊಟ್ಟೆವು. ಆಮೇಲೆ ಫೋನಿನಲ್ಲಿ ಟೈಪ್ ಮಾಡಿದರೆ ಮಾತಾಡುವ ಆ್ಯಪ್ ಹಾಕಿಕೊಟ್ಟೆವು. ಗಾಜಿನ ಮೇಲೆ ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಅವಳು ಒಂದು ಸಾಲು ಮುಗಿಸುವಷ್ಟರಲ್ಲಿ ಮಾತು ಹೆಸರುಬೇಳೆಯಿಂದ ಹೊರಟು ಹಾಸನದ ಮದುವೆಗೆ ಹೋಗಿಬಿಟ್ಟಿರುತ್ತಿತ್ತು. ಹತ್ತು ಬೆರಳಿನವಳಿಗೆ ಒಂದು ಬೆರಳಿನ ಬಾಯಿ ಕೊಟ್ಟ ಹಾಗಾಗಿತ್ತು.

ಆಗ ನಮ್ಮ ಮನೆಯವರು ಬೀರೂರಿನ ಒಂದು ಅಂಗಡಿಯಿಂದ ಹಳೆಯ ಲ್ಯಾಪ್‌ಟಾಪು ತಂದರು. ಆಫೀಸುಗಳಲ್ಲಿ ಬಳಸುವ ಜಾತಿಯದು. ಕಪ್ಪಗೆ, ಇಟ್ಟಿಗೆಯ ಹಾಗೆ ದಪ್ಪ. ಬೆಂಗಳೂರಿನ ಯಾವುದೋ ಕಂಪನಿ ಹಳತಾಯಿತೆಂದು ಲಾಟಿನಲ್ಲಿ ಮಾರಿದ್ದಂತೆ. ಹೊಸ ಲ್ಯಾಪ್‌ಟಾಪುಗಳ ಕೀಲಿಗಳು ಹಪ್ಪಳದ ಹಾಗೆ ಚಪ್ಪಟೆ; ಇದರವು ಬೆರಳಿಟ್ಟರೆ ಒಳಗೆ ಇಳಿದು ಟಕ್ಕೆಂದು ಮೇಲೆ ಬರುತ್ತಿದ್ದವು. ಅಕ್ಕ ಕಣ್ಣುಮುಚ್ಚಿ ಒಂದು ಸಾಲು ಹೊಡೆದು ನೋಡಿದಳು. ಆಮೇಲೆ ಅದನ್ನು ಯಾರ ಕೈಗೂ ಕೊಡಲಿಲ್ಲ.

ಅವಳು ಹೊಡೆದದ್ದನ್ನು ಅದು ಗಂಡು ದನಿಯಲ್ಲಿ, ಏರಿಳಿತವಿಲ್ಲದೆ, ಬಾವಿಯೊಳಗಿಂದ ಯಾರೋ ವಾರ್ತೆ ಓದಿದ ಹಾಗೆ ಓದುತ್ತಿತ್ತು. ಬೈಗುಳವನ್ನೂ ಹಾಗೆಯೇ ಓದುತ್ತಿತ್ತು. ಅದರಿಂದ ಬೈಗುಳ ಇನ್ನೂ ಚೆನ್ನಾಗಿ ನಾಟುತ್ತಿತ್ತು. "ಏನ್ರೀ, ಮಂಡಿ ಬಾಗ್ಲು ಇವತ್ತು ತೆಗಿಯಲ್ವಾ, ಇಲ್ಲೇ ಕೂತು ಕೊಬ್ಬರಿ ಮೊಳೆಯುತ್ತಾ ನೋಡ್ತೀರಾ" ಎಂದು ಅದು ಹೇಳಿದರೆ ಕೊಬ್ಬರಿ ಮಂಡಿ ನಡೆಸುವ ನಮ್ಮ ಮನೆಯವರು ಎದ್ದು ಚಪ್ಪಲಿ ಮೆಟ್ಟುತ್ತಿದ್ದರು. ಮೇಲಿನ ಸಾಲಿನ ಒಂದು ಕೀಲಿಗೆ "ಕಾಫಿ" ಅಂತಲೂ ಪಕ್ಕದ್ದಕ್ಕೆ "ಸುಮ್ನಿರೇ, ನಂಗೊತ್ತು" ಅಂತಲೂ ಹೊಂದಿಸಿಕೊಂಡಿದ್ದಳು. ಎರಡನೆಯದು ನನಗಾಗಿಯೇ ಇದ್ದದ್ದು.

ಅದರ ದೊಡ್ಡ ಬ್ಯಾಟರಿ ಎಂದೋ ಸತ್ತಿತ್ತು. ವೈರು ಹಾಕಿಕೊಂಡೇ ನಡೆಯುತ್ತಿತ್ತು. ಒಂದು ದಿನ ಕರೆಂಟು ಹೋಗಿ ಬಂತು. ಅಕ್ಕ ಗುಂಡಿ ಒತ್ತಿದಳು. ಎರಡು ಸಲ ಪೀಂ ಎಂದಿತು. ದಿನಾಂಕ, ಗಂಟೆ ಸರಿಮಾಡು ಎನ್ನುವ ಅರ್ಥದ ಒಂದು ಇಂಗ್ಲಿಷ್ ಸಾಲು ಬಂತು. ಅದರ ಹಿಂದೆಯೇ ಒಂದು ಬೀಗದ ಚಿತ್ರ, ಪಕ್ಕದಲ್ಲೊಂದು ಖಾಲಿ ಚೌಕ.

"ಪಾಸ್‌ವರ್ಡ್ ಕೇಳ್ತೈತೆ" ಎಂದರು ನಮ್ಮ ಮನೆಯವರು.

"ನಾವ್ಯಾವತ್ತು ಇಟ್ಟಿದ್ವಿ?"

"ನಾವಿಟ್ಟಿಲ್ಲ. ಮೊದ್ಲಿದ್ದೋರು ಇಟ್ಟಿರ್ಬೇಕು."

ಹಾಗೇ ಆಗಿತ್ತು. ಆ ಕಂಪನಿಯವರು ಯಂತ್ರದ ತಳದಲ್ಲಿ ಒಂದು ಬೀಗ ಹಾಕಿ, ಮಾರುವಾಗ ತೆಗೆಯದೆ ಮಾರಿದ್ದರು. ಒಳಗಿನ ಸೆಟ್ಟಿಂಗಿಗೆ ಯಾರೂ ಹೋಗದೆ ಇದ್ದುದರಿಂದ ಇಷ್ಟು ವರ್ಷ ಅದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಗಡಿಯಾರ ನಡೆಸುವ ಬಿಲ್ಲೆಯಂಥ ಪುಟ್ಟ ಸೆಲ್ಲು ಸತ್ತು, ಯಂತ್ರಕ್ಕೆ ಇಂದು ಯಾವ ದಿನ ಅನ್ನುವುದೇ ಮರೆತಿತ್ತು. ದಿನ ಹೇಳಬೇಕಾದರೆ ಒಳಗೆ ಹೋಗಬೇಕು. ಒಳಗೆ ಹೋಗಬೇಕಾದರೆ ಗುಟ್ಟಿನ ಪದ ಬೇಕು. ಅಕ್ಕ ತನಗೆ ತೋಚಿದ್ದೆಲ್ಲ ಹೊಡೆದಳು. ಮೂರು ಸಲ ತಪ್ಪಿದರೆ ಅದು ಕಿರುಚಿ ಕೂತುಬಿಡುತ್ತಿತ್ತು. ಮತ್ತೆ ಆರಿಸಿ ಮತ್ತೆ ಹಚ್ಚಬೇಕು. ಕೊನೆಕೊನೆಗೆ ಅವಳು ಹೊಡೆಯುತ್ತಿದ್ದದ್ದು ಗುಟ್ಟಿನ ಪದವಲ್ಲ, ಬೈಗುಳ ಅಂತ ಅವಳ ಭುಜ ನೋಡಿದರೇ ತಿಳಿಯುತ್ತಿತ್ತು.

ಬೀರೂರಿಗೆ ಹೋದರೆ ಮಾರಿದ ಅಂಗಡಿಯ ಜಾಗದಲ್ಲಿ ಕಬ್ಬಿನ ಹಾಲು ಮಾರುತ್ತಿದ್ದರು. ಅಲ್ಲಿಂದ ಅಕ್ಕನನ್ನು ಕರೆದುಕೊಂಡು ಕಡೂರಿನ ಒಂದು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಬಜ್ಜಿ ತಿನ್ನುತ್ತಿದ್ದ. ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿದಂತೆ ಮಾಡಿ ಅದೇ ಕೈಯಲ್ಲಿ ಅಕ್ಕನ ಕೀಲಿಗಳನ್ನು ಒತ್ತಿದ.

"ಇದು ಸೂಪರ್‌ವೈಸರ್ ಪಾಸ್‌ವರ್ಡು ಕಣ್ರೀ. ತಯಾರು ಮಾಡ್ದೋರೇ ತೆಗೆಯಲ್ಲ. ಬೋರ್ಡೇ ಬದಲಾಯಿಸ್ಬೇಕು. ಅದಕ್ಕಿಂತ ಹೊಸದು ತಗಳಿ, ಇದನ್ನ ಗುಜರಿಗೆ ಹಾಕಿ."

"ಬೋರ್ಡು ಕೆಟ್ಟಿದೆಯೇನಪ್ಪಾ?"

"ಕೆಟ್ಟಿಲ್ಲ. ಚೆನ್ನಾಗೇ ಐತೆ."

"ಚೆನ್ನಾಗಿರೋದನ್ನ ಯಾಕೆ ಬದಲಾಯಿಸ್ಬೇಕು?"

ಅವನು ನನ್ನನ್ನು ಬಿಟ್ಟು ಅಕ್ಕನನ್ನು ಮೇಲಿಂದ ಕೆಳಗೆ ನೋಡಿದ. "ಅಲ್ಲ, ಇದು ಎಲ್ಲಿಂದ ಬಂತು ನಿಮಗೆ? ಕದ್ದ ಮಾಲಲ್ಲ ತಾನೇ?"

ಅಕ್ಕನ ಬಾಯಿ ತೆರೆಯಿತು. ದನಿ ಬರಲಿಲ್ಲ. ಕತ್ತಿಗೆ ಸುತ್ತಿದ್ದ ಬಟ್ಟೆ ಮಾತ್ರ ಪುಸ್ಸೆಂದು ಉಬ್ಬಿ ಇಳಿಯಿತು. ಇದೇ ಊರಿನಲ್ಲಿ ಜನರ ಬೆರಳಿಗೆ ಅಕ್ಷರ ಕೂರಿಸಿದವಳು. ಅವಳ ಹತ್ತು ಬೆರಳೂ ಅವನ ಗಾಜಿನ ಟೇಬಲ್ಲಿನ ಮೇಲೆ ಕುಣಿದವು, ಬಿಡುವಿಲ್ಲದೆ, ಒಂದು ಉದ್ದನೆಯ ಸಾಲು. ಗಾಜಿಗೆ ಮಾತಾಡಲು ಬರುವುದಿಲ್ಲ. "ಏನಮ್ಮಾ, ತಬಲಾ ಬಾರಿಸ್ತೀರಾ?" ಎಂದು ಅವನು ನಕ್ಕ. ನಾನು ಯಂತ್ರವನ್ನು ಚೀಲಕ್ಕೆ ಹಾಕಿಕೊಂಡೆ. ಮನೆಗೆ ಬಂದು ಆ ಎಣ್ಣೆ ಬೆರಳಿನ ಗುರುತುಗಳನ್ನು ಒರೆಸುವಾಗ ನನಗೆ ನಿಜವಾಗಿಯೂ ವಾಕರಿಕೆ ಬಂತು. ಬಜ್ಜಿಯ ಎಣ್ಣೆಗಲ್ಲ.

ಆಮೇಲಿನ ದಿನಗಳಲ್ಲಿ ಅಕ್ಕ ಸ್ಲೇಟಿಗೆ ಮರಳಿದಳು. "ನೀರು", "ಸಾಕು", "ಬೇಡ". ಅಷ್ಟೇ. ಜಗಳ ನಿಂತಿತು. ಮನೆಗೆ ಬಂದ ಒಬ್ಬ ನೆಂಟರಾಕೆ ಅವಳ ಎದುರಿಗೇ ನನ್ನನ್ನು, "ಇವ್ರು ಊಟ ಗೀಟ ಎಲ್ಲ ಮಾಡ್ತಾರಾ?" ಎಂದು ಕೇಳಿದಳು. ಆಮೇಲೆ ಅಕ್ಕನಿಗೆ ಕಿವಿ ಕೇಳಿಸದು ಎಂಬಂತೆ ಬಗ್ಗಿ, "ಚೆ-ನ್ನಾ-ಗಿ-ದೀ-ರಾ?" ಎಂದು ಕೂಗಿದಳು. ಅಕ್ಕ ಸ್ಲೇಟು ಮುಟ್ಟಲೂ ಇಲ್ಲ. ಹೊಸ ಲ್ಯಾಪ್‌ಟಾಪು ತರುತ್ತೇವೆಂದರೆ ಬೇಡವೆಂದು ತಲೆಯಾಡಿಸಿದಳು. ಪಕ್ಕದ ಮನೆಯವರದ್ದನ್ನು ತಂದು ಮುಂದಿಟ್ಟರೆ ಹಪ್ಪಳದ ಕೀಲಿಗಳ ಮೇಲೆ ಅವಳ ಬೆರಳು ಎಡವಿ ಎಡವಿ ಬಿದ್ದವು. ತಾನು ತಪ್ಪು ಟೈಪ್ ಮಾಡಿದ್ದನ್ನು ನಾನು ನೋಡಿದೆನಲ್ಲ ಅಂತ ಮುಖ ಗಂಟಿಕ್ಕಿ ಎದ್ದುಹೋದಳು.

ತರೀಕೆರೆಯಲ್ಲಿ ನನ್ನ ಕಾಲೇಜಿನ ಗೆಳತಿ ಒಬ್ಬಳಿದ್ದಾಳೆ. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಾಳೆ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಆ ಬೀಗ ತೆಗಿಯೋಕೆ ಹೋಗ್ಬೇಡ್ವೇ, ಬೀಗ ಹಾಕಿರೋ ಬಾಗಿಲನ್ನೇ ಕಿತ್ತು ಬೇರೆ ಇಡೋಣ" ಎಂದಳು. ಅವಳು ವಿವರಿಸಿದ್ದು ನನಗೆ ತಿಳಿದದ್ದು ಇಷ್ಟು: ಗುಂಡಿ ಒತ್ತಿದ ಕೂಡಲೇ ಮೊದಲು ಓಡುವುದು ಒಂದು ಪುಟ್ಟ ಪ್ರೋಗ್ರಾಮು. ಅದನ್ನು ಫರ್ಮ್‌ವೇರ್ ಅನ್ನುತ್ತಾರೆ. ಅದು ಯಂತ್ರವನ್ನು ಎಬ್ಬಿಸಿದ ಮೇಲೆಯೇ ಉಳಿದದ್ದೆಲ್ಲ. ಪಾಸ್‌ವರ್ಡ್ ಕೇಳುವುದು ಅದೇ. ಅದರ ಬದಲು ಹಾಕಬಹುದಾದ ಇನ್ನೊಂದನ್ನು ಊರೂರಿನ ಜನ ಸೇರಿ ಬರೆದಿದ್ದಾರೆ. ಅದರೊಳಗೆ ಏನಿದೆ ಅಂತ ಯಾರು ಬೇಕಾದರೂ ಓದಿ ನೋಡಬಹುದು, ಹಂಚಬಹುದು. ಅದು ಈ ಹಳೆಯ ಬೀಗವನ್ನು ಕೇಳುವುದೇ ಇಲ್ಲ.

"ಹಾಗಾದ್ರೆ ಆ ಅಂಗಡಿಯವನು?"

"ಅವನಿಗೆ ಮಾರೋದು ಗೊತ್ತು. ಬಿಲ್ ಐತಾ? ತಗಂಡ್ ಬಾ. ಕದ್ದಿದ್ದಾದ್ರೆ ನಾನು ಮುಟ್ಟಲ್ಲ." ಇವಳೂ ಕೇಳಿದಳಲ್ಲ ಅನ್ನಿಸಿತು. ಆದರೆ ಕೇಳಿದ ರೀತಿ ಬೇರೆ ಇತ್ತು. ಬಿಲ್ಲು ಅಕ್ಕನ ಟ್ರಂಕಿನಲ್ಲೇ ಇತ್ತು.

ಅಜ್ಜಂಪುರದಿಂದ ಬಸ್ಸಿನಲ್ಲಿ ಹೋದೆವು. ಧೂಳಿಗೆ ಅಕ್ಕನ ಕತ್ತಿನ ಬಟ್ಟೆಯನ್ನು ಒದ್ದೆ ಮಾಡಿ ಸುತ್ತಿದ್ದೆ. ಕೊಳವೆ ತೊಳೆಯುವ ಸಾಮಾನೂ ಜೊತೆಗಿತ್ತು, ಅದಿಲ್ಲದೆ ನಾವು ಎಲ್ಲಿಗೂ ಹೋಗುವುದಿಲ್ಲ. ಗೆಳತಿ ಬಾಗಿಲಲ್ಲೇ ಕಾಯುತ್ತಿದ್ದಳು. ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಯಂತ್ರವನ್ನು ಬೋರಲು ಹಾಕಿ ಸ್ಕ್ರೂ ಬಿಚ್ಚಿದಳು. ಬ್ಯಾಟರಿ ತೆಗೆದಳು, ಸತ್ತ ಬಿಲ್ಲೆ ಸೆಲ್ಲು ತೆಗೆದಳು. ಆಮೇಲೆ ತಿರುಗಿಸಿ ಕೀಬೋರ್ಡನ್ನೂ, ಅದರ ಕೆಳಗೆ ಅಂಗೈ ಊರುವ ಪಟ್ಟಿಯನ್ನೂ ಮೇಲೆತ್ತಿದಳು. ಎತ್ತಿದವಳು ಹಾಗೇ ಹಿಂದಕ್ಕೆ ಹಾರಿದಳು.

"ಥೂ! ಲೇ, ಇದರೊಳಗೆ ಒಂದು ಸಂಸಾರನೇ ಐತಲ್ಲೇ!"

ಜಿರಳೆಯ ಖಾಲಿ ಮೊಟ್ಟೆಗಳು. ಒಂದು ಕಾಲು, ಅರ್ಧ ರೆಕ್ಕೆ. ಬಿಸ್ಕತ್ತಿನ ಪುಡಿ ಹಸಿರಾಗಿತ್ತು. ಉದ್ದ ಕೂದಲು, ಗಿಡ್ಡ ಕೂದಲು. ಯಾರೋ ಹಲ್ಲಿನಲ್ಲಿ ಕಚ್ಚಿ ಉಗುಳಿದ ಉಗುರಿನ ಚೂರುಗಳು. ಒಂದು ಮೂಲೆಯಲ್ಲಿ ಚಹಾ ಚೆಲ್ಲಿ ಅಂಟಾಗಿ, ಅಂಟಿಗೆ ಧೂಳು ಕೂತು, ಕಪ್ಪು ಹಲ್ವದ ಹಾಗಾಗಿತ್ತು. ಫ್ಯಾನಿನ ಬಾಯಲ್ಲಿ ಬೆಕ್ಕಿನ ಬಾಲದಷ್ಟು ನೂಲು. ನಾವು ಇದರ ಮುಂದೆ ಕೂತು ಅನ್ನ ತಿಂದಿದ್ದೇವೆ.

"ಇಂಥಾ ಹೊಲಸು ಜನ ಬೀಗ ಬೇರೆ ಹಾಕ್ತಾರೆ" ಎಂದೆ. "ಏನನ್ನ ಕಾಪಾಡೋಕೆ, ಈ ಉಗುರನ್ನಾ?"

ಗೆಳತಿ ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕು ಹಾಕಿಕೊಂಡು, ಮುಖ ಆಚೆ ತಿರುಗಿಸಿಕೊಂಡೇ ಫರ್ಮ್‌ವೇರ್ ಇರುವ ಚಿಪ್ಪನ್ನು ತೋರಿಸಿದಳು. ತೊಗರಿಬೇಳೆಯಷ್ಟು ಕಪ್ಪು ಚೂರು, ಎರಡು ಬದಿಗೂ ನಾಲ್ಕು ನಾಲ್ಕು ಕಾಲು. ಬಟ್ಟೆ ಒಣಗಿಸುವ ಕ್ಲಿಪ್ಪಿನಂಥದನ್ನು ಅದಕ್ಕೆ ಕಚ್ಚಿಸಿ, ಅದರ ವೈರುಗಳನ್ನು ಅಂಗೈಯಗಲದ ಇನ್ನೊಂದು ಬೋರ್ಡಿಗೆ ಸೇರಿಸಿದಳು. ಮೊದಲು ಚಿಪ್ಪಿನಲ್ಲಿ ಈಗ ಇರುವುದನ್ನು ಓದಿಕೊಳ್ಳಬೇಕು. ಎರಡು ಸಲ ಓದಬೇಕು. ಎರಡೂ ಅಕ್ಷರಕ್ಕಕ್ಷರ ಒಂದೇ ಆಗಿದ್ದರೆ ಮಾತ್ರ ಮುಂದಿನ ಕೆಲಸ. ಇಲ್ಲದಿದ್ದರೆ ಕ್ಲಿಪ್ಪು ಸರಿಯಾಗಿ ಮುಟ್ಟುತ್ತಿಲ್ಲ ಅಂತ ಅರ್ಥ.

ಎರಡೂ ಬೇರೆ ಬೇರೆ ಬಂದವು. ಮತ್ತೆ ಕಚ್ಚಿಸಿ ಓದಿಸಿದಳು. ಮತ್ತೆ ಬೇರೆ.

"ಹಿಂಗಿದ್ರೆ ಬರಿಯಕ್ಕಾಗಲ್ಲ ಕಣೇ. ಅರ್ಧಂಬರ್ಧ ಬರೆದ್ರೆ ಆಮೇಲೆ ಬೀಗದ ಚಿತ್ರವೂ ಬರಲ್ಲ, ಏನೂ ಬರಲ್ಲ."

ಅಕ್ಕ ಮೂಲೆಯ ಕುರ್ಚಿಯಲ್ಲಿ ಸ್ಲೇಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದು ಸತ್ತರೆ ಅವಳ ಕೈಗೆ ಉಳಿಯುವುದು ಆ ಸ್ಲೇಟೊಂದೇ.

ಗೆಳತಿಯ ಭೂತಗನ್ನಡಿ ಇಸಿದುಕೊಂಡು ನೋಡಿದೆ. ಚಿಪ್ಪಿನ ಕಾಲುಗಳ ನಡುವೆ ಗಾರೆ ಮೆತ್ತಿದ ಹಾಗೆ ಏನೋ ಗಟ್ಟಿಯಾಗಿ ಕೂತಿತ್ತು. "ನನ್ನ ಕೈಲಾಗಲ್ಲಪ್ಪ" ಎಂದು ಗೆಳತಿ ಬಚ್ಚಲ ಕಡೆ ನಡೆದಳು. ಅಕ್ಕನ ಕೊಳವೆಗೆಂದು ತಂದಿದ್ದ ಹೊಸ ಬ್ರಷ್ಷಿನ ಪೊಟ್ಟಣ ಒಡೆದೆ. ಸ್ಪಿರಿಟ್ಟಿನಲ್ಲಿ ಅದ್ದಿ, ಕೊಳವೆ ಉಜ್ಜುವ ಹಾಗೆಯೇ, ಅವಸರ ಮಾಡದೆ, ಒಂದೊಂದೇ ಕಾಲನ್ನು ಉಜ್ಜಿದೆ. ಮೊದಲು ಕಪ್ಪು ಬಂತು. ಅದರ ಕೆಳಗೆ ಬಿಳಿ ಬಂತು. ಬಿಳಿಯ ನಡುವೆ ಕೆಂಪು. ಬಟ್ಟೆಯ ಮೇಲೆ ತಿಳಿಗುಲಾಬಿ ಕೆಸರು. ಮೂಗಿಗೆ ಹಿಡಿದೆ.

ವಿಭೂತಿ.

ಪ್ರತಿವರ್ಷ ಆಯುಧಪೂಜೆಗೆ ನಮ್ಮ ಮನೆಯವರು ಮಂಡಿಯ ತಕ್ಕಡಿ, ಈಳಿಗೆಮಣೆ, ಸ್ಕೂಟರು, ಮಿಕ್ಸಿ ಎಲ್ಲಕ್ಕೂ ಮಠದಿಂದ ತಂದ ವಿಭೂತಿಯನ್ನು ನೀರಿನಲ್ಲಿ ಕಲಸಿ ಮೂರೆಳೆ ಎಳೆಯುತ್ತಾರೆ. ಅಕ್ಕನ ಲ್ಯಾಪ್‌ಟಾಪಿಗೂ. ಮುಚ್ಚಳದ ಮೇಲಲ್ಲ, ಮುಚ್ಚಳ ತೆಗೆದು, ಅಂಗೈ ಊರುವ ಪಟ್ಟಿಯ ಮೇಲೆ. ನಡುವೆ ಕುಂಕುಮ. ಅದರ ಮೇಲೆ ಹೂವಿನಿಂದ ನೀರು ಚಿಮುಕಿಸುವುದು, ಒಣಗುವವರೆಗೆ ಹಾಗೇ ಬಿಡುವುದು. "ಹೊರಗೆ ಹಚ್ಚಿದ್ರೆ ಯಂತ್ರಕ್ಕೆ ತಲುಪಲ್ಲ" ಅನ್ನುತ್ತಿದ್ದರು. ತಲುಪಿತ್ತು. ಪಟ್ಟಿಯ ಸಂದಿನಿಂದ ಇಳಿದು, ವರ್ಷ ವರ್ಷವೂ ಒಂದೊಂದು ಪದರ, ನೇರವಾಗಿ ಈ ತೊಗರಿಬೇಳೆಯ ಕಾಲಿಗೇ ತಲುಪಿತ್ತು.

ನಮ್ಮ ಮನೆಯವರಿಗೆ ಫೋನು ಮಾಡಿ ಹೇಳಿದೆ.

"ಮಠದ ವಿಭೂತಿ ಕಣೇ. ಹೊಲಸು ಅನ್ಬೇಡ."

"ಅಂದಿಲ್ಲ. ಉಜ್ತಾ ಇದೀನಿ."

ಅಂದಿರಲಿಲ್ಲ, ನಿಜ. ಆದರೆ ಮನಸ್ಸಿನಲ್ಲಿ ಆ ಬೆಂಗಳೂರಿನವರ ಉಗುರಿಗೆ ಬಂದ ಹೇಸಿಗೆಯೇ ನಮ್ಮ ಹಣೆಯ ಮೇಲಿರುವ ಪದಾರ್ಥಕ್ಕೂ ಬಂತು. ಜಿರಳೆ ಮೊಟ್ಟೆ ಯಾರದೂ ಅಲ್ಲ ಅಂತ ಕಸಕ್ಕೆ ಹಾಕಬಹುದು. ಇದನ್ನು ಎಲ್ಲಿ ಹಾಕಲಿ? ಬಟ್ಟೆಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡೆ. ಊರಿಗೆ ಬಂದ ಮೇಲೆ ತುಳಸಿಯ ಬುಡಕ್ಕೂ ಒಗೆಯಲಾಗಲಿಲ್ಲ, ಸ್ಪಿರಿಟ್ಟಿನ ವಾಸನೆ, ಒಲೆಗೆ ಹಾಕಿದೆ.

ಕಾಲುಗಳು ಬೆಳ್ಳಿಯ ಹಾಗೆ ಹೊಳೆದ ಮೇಲೆ ಗೆಳತಿ ಮತ್ತೆ ಕ್ಲಿಪ್ಪು ಕಚ್ಚಿಸಿದಳು. ಎರಡು ಸಲದ ಓದೂ ಒಂದೇ ಬಂತು. ಹಳೆಯದರ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತೆಗೆದಿಟ್ಟಳು. ಹೊಸದನ್ನು ಬರೆಯಲು ಬಿಟ್ಟು, "ಈಗ ಯಾರೂ ಮೇಜು ಮುಟ್ಬೇಡಿ, ಉಸಿರೂ ಜೋರಾಗಿ ಬಿಡ್ಬೇಡಿ" ಎಂದಳು. ಹಾಗೆಂದಮೇಲೆ ಅಕ್ಕನ ಕತ್ತು ನೋಡಿ ನಾಲಿಗೆ ಕಚ್ಚಿಕೊಂಡಳು. ಅಕ್ಕ ಕತ್ತಿನ ಬಟ್ಟೆಯ ಮೇಲೆ ಬೆರಳಿಟ್ಟು, ಉಸಿರು ಹಿಡಿದವಳ ಹಾಗೆ ಕಣ್ಣು ಅಗಲಿಸಿ ಅಣಕಿಸಿದಳು.

ಕಾಯುವಾಗ ಗೆಳತಿ ಒಂದು ಮಾತು ಹೇಳಿದಳು. ಎಲ್ಲವನ್ನೂ ಬದಲಾಯಿಸಲು ಆಗುವುದಿಲ್ಲವಂತೆ. ತಯಾರಿಸಿದವರದ್ದೇ ಒಂದು ಚೂರು, ಯಾರಿಗೂ ತೆರೆದು ತೋರಿಸದ್ದು, ಚಿಪ್ಪಿನಲ್ಲಿ ಉಳಿಯಲೇಬೇಕಂತೆ. ಅದಿಲ್ಲದಿದ್ದರೆ ಯಂತ್ರ ಸ್ವಲ್ಪ ಹೊತ್ತು ನಡೆದು ತಾನೇ ಆರಿಹೋಗುತ್ತದಂತೆ. ಕತ್ತರಿಸಿ ಕತ್ತರಿಸಿ ಅದನ್ನು ಸಣ್ಣದು ಮಾಡಬಹುದು ಅಷ್ಟೇ.

"ಮಾರಿದ ಮನೇಲಿ ಒಂದು ಕೋಣೆ ತಮ್ದೇ ಇಟ್ಕಂಡವ್ರಾ?"

"ಹೂಂ ಕಣೇ. ಒಳಗೇನೈತೆ ಅಂತ ನಮ್ಗೆ ಹೇಳಲ್ಲ."

ಉಗುರು ಉಜ್ಜಿದರೆ ಹೋಗುತ್ತದೆ. ಇದು ಹೋಗುವ ಜಾತಿಯದಲ್ಲ. ಈಗಲೂ ಆ ಯಂತ್ರದ ಪಕ್ಕ ಹಾದುಹೋಗುವಾಗ ಆ ಚೂರು ನೆನಪಾಗಿ ನನಗೆ ಬಾಯಿ ಕಹಿಯಾಗುತ್ತದೆ.

ಬರೆದು ಮುಗಿಯಿತು. ಸರಿಯಾಗಿದೆ ಅಂತ ಆ ಅಂಗೈಯಗಲದ ಬೋರ್ಡೇ ತಾಳೆ ನೋಡಿ ಹೇಳಿತು. ಹೊಸ ಬಿಲ್ಲೆ ಸೆಲ್ಲು ಹಾಕಿ, ಪಟ್ಟಿ, ಕೀಬೋರ್ಡು ಕೂರಿಸಿ, ವೈರು ಚುಚ್ಚಿ ಗುಂಡಿ ಒತ್ತಿದಳು. ಪರದೆ ಕಪ್ಪಗೆ ಇತ್ತು. ಹಾಗೇ ಇತ್ತು. ಗೆಳತಿ ಮಾಸ್ಕು ಕೆಳಗೆಳೆದಳು. ಆಮೇಲೆ ಬಿಳಿ ಅಕ್ಷರದ ಎರಡು ಮೂರು ಸಾಲು ಓಡಿದವು. ಬೀಗ ಬರಲಿಲ್ಲ. ಚೌಕ ಬರಲಿಲ್ಲ. ಅಕ್ಕನ ಹಳೆಯ ಪರದೆ, ಬಿಟ್ಟಲ್ಲೇ ಇದ್ದ ಹಾಗೆ, ಎದ್ದು ನಿಂತಿತು.

ಅಕ್ಕ ಸ್ಲೇಟನ್ನು ಕುರ್ಚಿಯ ಕೆಳಗೆ ಇಟ್ಟು ಬಂದು ಕೂತಳು. ಕೈ ಒರೆಸಿಕೊಂಡಳು. ಇಷ್ಟು ದಿನ ಕಟ್ಟಿಟ್ಟುಕೊಂಡ ಮಾತು, ಏನು ಹೇಳಿಯಾಳೋ ಎಂದು ನಾವಿಬ್ಬರೂ ನಿಂತಿದ್ದೆವು. ಟಕಟಕನೆ ಹೊಡೆದಳು. ಬಾವಿಯೊಳಗಿನ ಗಂಡಸು ಓದಿದ:

"ನಿಮ್ಮನೆ ಕಾಫಿ ಗಬ್ಬು ಕಣಮ್ಮಾ. ಬೆಳಗಿಂದ ಹೇಳ್ಬೇಕು ಅಂತಿದ್ದೆ."

ಗೆಳತಿ ಗಾಬರಿಯಾಗಿ ನನ್ನ ಕಡೆ ನೋಡಿದಳು. ನನಗೆ ನಗು ತಡೆಯಲಾಗಲಿಲ್ಲ, ಜೊತೆಗೆ ಕಣ್ಣಲ್ಲಿ ನೀರು. ಅಕ್ಕ ನನ್ನ ಮುಖ ನೋಡಿ ಮೇಲಿನ ಸಾಲಿನ ಕೀಲಿ ಒತ್ತಿದಳು. "ಸುಮ್ನಿರೇ, ನಂಗೊತ್ತು."

ಬರುವಾಗ ಬಸ್ಸು ಇಳಿದು ಮನೆಗೆ ನಡೆಯುತ್ತ, ಕಡೂರಿನ ಅಂಗಡಿಗೆ ಒಂದು ಸಲ ಕರೆದುಕೊಂಡು ಹೋಗು ಎಂದು ಸನ್ನೆ ಮಾಡಿದಳು. ನಾನು ಒಪ್ಪಲಿಲ್ಲ. ಆ ಬಜ್ಜಿಯ ಕೈಯನ್ನು ಮತ್ತೆ ನೋಡುವುದು ನನಗೆ ಬೇಕಿರಲಿಲ್ಲ.

ಈ ಸಲದ ಆಯುಧಪೂಜೆಗೆ ನಮ್ಮ ಮನೆಯವರು ತಟ್ಟೆ ಹಿಡಿದು, ತಕ್ಕಡಿ, ಸ್ಕೂಟರು ಮುಗಿಸಿ, ಅಕ್ಕನ ಕೋಣೆಯ ಬಾಗಿಲಿಗೆ ಬಂದರು. ಬೆರಳು ಒದ್ದೆ ವಿಭೂತಿಯಲ್ಲಿ ಅದ್ದಿದ್ದರು.

"ಅಲ್ಲೇ ನಿಂತ್ಕಳ್ರಿ" ಎಂದಿತು ಆ ದನಿ.

"ಒಂದೇ ಒಂದು ಎಳೆ ಅಕ್ಕಾ, ಮುಚ್ಚಳದ ಮೇಲೆ."

"ಮುಚ್ಚಳದ ಮೇಲೂ ಬೇಡ. ನೀವು ಹಚ್ಚಿದ್ದು ತಲುಪುತ್ತೆ."

ಅವರು ತಟ್ಟೆ ಹಿಡಿದುಕೊಂಡು ಪೆಚ್ಚಾಗಿ ನಿಂತರು. ಪೂಜೆ ಅರ್ಧಕ್ಕೆ ನಿಂತರೆ ಅವರಿಗೆ ಊಟ ಸೇರುವುದಿಲ್ಲ, ಅದು ಅಕ್ಕನಿಗೂ ಗೊತ್ತು. ಸ್ವಲ್ಪ ಹೊತ್ತು ನೋಡಿ ಅವಳು ಕೀಲಿಗಳ ಮೇಲಿಂದ ಕೈ ತೆಗೆಯದೆಯೇ ಕತ್ತು ಮುಂದೆ ಚಾಚಿ ಹಣೆ ಒಡ್ಡಿದಳು. ಅವರು ಬಗ್ಗಿ ಮೂರೆಳೆ ಎಳೆದರು. ಕೈ ದಪ್ಪ, ನೀರು ಹೆಚ್ಚಾಗಿತ್ತು. ಒಂದು ಬಿಳಿ ತೊಟ್ಟು ಹುಬ್ಬಿನಿಂದ ಮೂಗಿಗೆ ಇಳಿದು ತುದಿಯಲ್ಲಿ ನಿಂತಿತು. ಅದು ಬೀಳುವ ಮೊದಲೇ ನಾನು ಸೆರಗು ಚಾಚಿ ಹಿಡಿದೆ.

"ನಿನ್ ಸೆರಗೆಲ್ಲ ಒಗ್ಗರಣೆ ಎಣ್ಣೆ, ತೆಗಿಯೇ ಆಚೆಗೆ" ಎಂದಿತು ಬಾವಿಯೊಳಗಿನ ದನಿ.